ತೋಟದ ಪಂಪ್ ಸ್ಟಾರ್ಟರ್‌ಗಳು ಕಳುಹಿಸುವ ಹೆಡರ್ ಓದಲು ಗೋ ಎಷ್ಟು ತಕ್ಕದ್ದು?

ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯೊಡನೆ ಬರುವ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ, ಟಿಸಿಪಿ ಸಾಕೆಟ್‌ನಿಂದ (ಜಾಲ ಸಂಪರ್ಕದ ತುದಿಯಿಂದ) ಎಚ್‌ಟಿಟಿಪಿ ಕೋರಿಕೆಯ ಹೆಡರ್‌ಗಳನ್ನು, ಅಂದರೆ ಕೋರಿಕೆಯ ವಿವರ ಹೇಳುವ ಹೆಸರು-ಮೌಲ್ಯಗಳ ಸಾಲುಗಳನ್ನು, ನೇರವಾಗಿ ಓದಿಕೊಳ್ಳಲು ಬೇಕಾದ ಸಲಕರಣೆಗಳು ನೆಟ್, ಐಒ, ಬಫ್‌ಐಒ, ಟೆಕ್ಸ್ಟ್‌ಪ್ರೋಟೊ ಮತ್ತು ನೆಟ್/ಎಚ್‌ಟಿಟಿಪಿ ಎಂಬ ಪ್ಯಾಕೇಜ್‌ಗಳಲ್ಲಿ ಹಂಚಿಹೋಗಿವೆ. ಅವನ್ನು ದಿನವಹಿ ನಡೆಯುವ ಕೆಲಸವೊಂದರಲ್ಲಿ ಬಳಸಿ ನೋಡಿ ಬರೆದ ವಿಮರ್ಶೆ ಇದು. ಗೋ ಕಲಿಯಬೇಕೇ, ಬೇರೆ ಭಾಷೆ ಮೇಲೇ ಎಂಬ ಚರ್ಚೆಗೆ ನಾನು ಇಲ್ಲಿ ಹೋಗುವುದಿಲ್ಲ. ಸಾಕೆಟ್ ತೆರೆದು, ಕೋರಿಕೆಯ ಮೊದಲ ಸಾಲನ್ನೂ ಅದರ ಹಿಂದೆ ಬರುವ ಹೆಡರ್‌ಗಳನ್ನೂ ತಪ್ಪಿಲ್ಲದೆ ಓದಿ, ಬಾಡಿ (ಹೆಡರ್‌ಗಳ ನಂತರ ಬರುವ ಮುಖ್ಯ ಮಾಹಿತಿ) ಎಲ್ಲಿಂದ ಶುರುವಾಗುತ್ತದೆ ಎಂದು ಗುರುತಿಸುವವರೆಗಿನ ಕೆಲಸಕ್ಕೆ ಈ ಸಾಮಗ್ರಿ ಎಷ್ಟರಮಟ್ಟಿಗೆ ಒದಗಿಬರುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ನಮ್ಮ ಕಚೇರಿ ಇರುವುದು ತುಮಕೂರಿನಲ್ಲಿ. ಗುಬ್ಬಿ, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯ ತೆಂಗು ಮತ್ತು ಅಡಿಕೆ ತೋಟಗಳ ಬೋರ್‌ವೆಲ್‌ಗಳಿಗೆ ಹಾಕಿರುವ ಮೊಬೈಲ್ ಸ್ಟಾರ್ಟರ್‌ಗಳಿಂದ ಮಾಹಿತಿ ಪಡೆದು, ಮೋಟಾರ್ ಓಡುತ್ತಿದೆಯೋ, ಯಾವುದಾದರೂ ಫೇಸ್ ಹೋಗಿದೆಯೋ, ನೀರಿಲ್ಲದೆ ಬರಿದೇ ತಿರುಗುತ್ತಿದೆಯೋ ಎಂಬುದನ್ನು ರೈತರ ಫೋನಿಗೆ ತಿಳಿಸುವುದು ನಮ್ಮ ಸರ್ವರ್‌ನ ಕೆಲಸ. ಸ್ಟಾರ್ಟರ್‌ನೊಳಗೆ ಒಂದು ಸಿಮ್ ಮತ್ತು 2ಜಿ ಮೋಡೆಮ್ ಇರುತ್ತವೆ. ಅದು ಮೂರೂ ಫೇಸ್‌ಗಳ ವೋಲ್ಟೇಜನ್ನೂ ಮೋಟಾರ್ ಎಳೆಯುತ್ತಿರುವ ಆಂಪಿಯರನ್ನೂ ಸಣ್ಣದೊಂದು ಪೋಸ್ಟ್ (ಮಾಹಿತಿ ಒಪ್ಪಿಸುವ ಬಗೆಯ) ಕೋರಿಕೆಯಲ್ಲಿ ಕಳುಹಿಸುತ್ತದೆ.

ಇಷ್ಟಕ್ಕೆ ಸಾಕೆಟ್‌ವರೆಗೆ ಇಳಿಯುವ ಅಗತ್ಯವೇನು, ನೆಟ್/ಎಚ್‌ಟಿಟಿಪಿಯ ಸಿದ್ಧ ಸರ್ವರ್ ಸಾಲದೇ ಎಂದು ಯಾರಾದರೂ ಕೇಳಬಹುದು. ಬಹುಮಟ್ಟಿಗೆ ಸಾಕು ಎಂಬುದೇ ನನ್ನ ಉತ್ತರವೂ ಹೌದು. ಆದರೆ ನಮಗೆ ಬಂದ ಹಳೆಯ ಸ್ಟಾರ್ಟರ್‌ಗಳ ಫರ್ಮ್‌ವೇರ್ (ಸಾಧನದೊಳಗಿನ ಪ್ರೋಗ್ರಾಂ) ತಾನು ಎಚ್‌ಟಿಟಿಪಿ 1.1 ಮಾತನಾಡುತ್ತೇನೆ ಎಂದು ಮೊದಲ ಸಾಲಿನಲ್ಲಿ ಹೇಳಿಕೊಂಡು, ಆ ಆವೃತ್ತಿಯಲ್ಲಿ ಕಡ್ಡಾಯವಾದ, ಕೋರಿಕೆ ಯಾವ ಸರ್ವರ್‌ಗೆ ಎಂದು ಹೇಳುವ ಹೋಸ್ಟ್ ಹೆಡರನ್ನೇ ಕಳುಹಿಸುವುದಿಲ್ಲ. 2022ರ ಜೂನ್‌ನಲ್ಲಿ ಬಂದ ಆರ್‌ಎಫ್‌ಸಿ 9112ರ (ಎಚ್‌ಟಿಟಿಪಿ 1.1ರ ನಿಯಮಾವಳಿ) ಪ್ರಕಾರ ಅಂಥ ಕೋರಿಕೆಗೆ ಸರ್ವರ್ 400 (ಕೋರಿಕೆ ಸರಿಯಿಲ್ಲ) ಎಂಬ ಉತ್ತರವನ್ನೇ ಕೊಡಬೇಕು, ಗೋದ ಸಿದ್ಧ ಸರ್ವರ್ ಚಾಚೂ ತಪ್ಪದೆ ಅದನ್ನೇ ಕೊಡುತ್ತದೆ. ಕೋರಿಕೆ, ಉತ್ತರಿಸಲೆಂದು ನಾವು ಬರೆದ ಹ್ಯಾಂಡ್ಲರ್‌ವರೆಗೆ ಬರುವುದೇ ಇಲ್ಲವಾದ್ದರಿಂದ, ಅಲ್ಲಿ ಏನನ್ನೇ ಬರೆದರೂ ಉಪಯೋಗವಿಲ್ಲ. ಫರ್ಮ್‌ವೇರ್ ಬದಲಿಸಬೇಕೆಂದರೆ ಪ್ರತಿ ತೋಟದ ಮೋಟಾರ್ ಮನೆಗೂ ಲ್ಯಾಪ್‌ಟಾಪ್ ಮತ್ತು ಕೇಬಲ್ ಹಿಡಿದು ಹೋಗಬೇಕು. ಹೀಗಾಗಿ, ನಿಯಮ ಮೀರಿದ ಸಾಧನಗಳನ್ನು ಸಹಿಸಿಕೊಳ್ಳುವ ಓದುಗವೊಂದನ್ನು ಸಿದ್ಧ ಸರ್ವರ್‌ನ ಹೊರಗೆ ಕಟ್ಟಬೇಕಾಯಿತು.

ಎಲ್ಲಕ್ಕಿಂತ ಕೆಳಗಿನ ಪದರದಿಂದಲೇ ಆರಂಭಿಸುವುದಾದರೆ, ನೆಟ್ ಪ್ಯಾಕೇಜ್‌ನ ಲಿಸನ್ ಮತ್ತು ಅಕ್ಸೆಪ್ಟ್ ಎಂಬ ಎರಡು ಕರೆಗಳಲ್ಲಿ ಸಂಪರ್ಕ ಕೈಗೆ ಬರುತ್ತದೆ. ಸಿ ಭಾಷೆಯಲ್ಲಿ ವಿಳಾಸದ ಸ್ಟ್ರಕ್ಟ್ ತುಂಬಿಸಿ, ಸಾಕೆಟ್, ಬೈಂಡ್, ಲಿಸನ್ ಎಂದು ಒಂದೊಂದನ್ನೂ ಕರೆದು, ಪ್ರತಿ ಹೆಜ್ಜೆಗೂ ಮರಳಿದ ಸಂಖ್ಯೆಯನ್ನು ಪರೀಕ್ಷಿಸಿ ಅಭ್ಯಾಸವಿದ್ದವರಿಗೆ ಇದು ದೊಡ್ಡ ಬಿಡುಗಡೆ. ನಿಜವಾದ ಕಸುಬು ಶುರುವಾಗುವುದು ಆ ಸಂಪರ್ಕದ ಮೇಲೆ ರೀಡ್ ಎಂದು ಕರೆದಾಗ. ನಾವು ಒಂದು ಬೈಟ್ ಸ್ಲೈಸ್ (ಬೈಟ್ ತುಂಬಿಸುವ ಜಾಗ) ಕೊಡುತ್ತೇವೆ. ಅದು ಎಷ್ಟು ಬೈಟ್ ತುಂಬಿಸಿದೆ ಎಂಬ ಸಂಖ್ಯೆಯನ್ನೂ, ದೋಷವಿದ್ದರೆ ಆ ದೋಷವನ್ನೂ ಮರಳಿಸುತ್ತದೆ. ನಾಲ್ಕು ಸಾವಿರ ಬೈಟ್‌ಗಳ ಜಾಗ ಕೊಟ್ಟಿದ್ದರೂ, ಆ ಕ್ಷಣದಲ್ಲಿ ಬಂದಿರುವುದು ಹದಿನೇಳೇ ಬೈಟ್ ಆಗಿದ್ದರೆ ಹದಿನೇಳನ್ನೇ ಕೊಟ್ಟು ಸುಮ್ಮನಾಗುತ್ತದೆ. ಟಿಸಿಪಿ ಎಂಬುದು ಬೈಟ್‌ಗಳ ಹರಿವೇ ಹೊರತು ಸಂದೇಶಗಳ ಸಾಲಲ್ಲ. ನಲ್ಲಿಯಲ್ಲಿ ಬರುವ ನೀರಿಗೆ ಅಲ್ಲಿ ಯಾರು ಎಷ್ಟು ಬಿಂದಿಗೆ ಸುರಿದರು ಎಂಬ ಲೆಕ್ಕ ತಿಳಿಯದಿರುವ ಹಾಗೆ, ಕಳುಹಿಸಿದವರು ಎಷ್ಟು ಕಂತಿನಲ್ಲಿ ಬರೆದರೋ ಅಷ್ಟೇ ಕಂತಿನಲ್ಲಿ ಅದು ಇಲ್ಲಿಗೆ ಮುಟ್ಟಬೇಕೆಂಬ ನಿಯಮವಿಲ್ಲ.

ಕಚೇರಿಯ ಜಾಲದಲ್ಲಿ ಬ್ರೌಸರ್‌ನಿಂದ ಪರೀಕ್ಷಿಸುವಾಗ ಈ ಮಾತಿನ ತೂಕ ಗೊತ್ತಾಗುವುದಿಲ್ಲ. ಈಥರ್ನೆಟ್‌ನಲ್ಲಿ ಒಂದು ಟಿಸಿಪಿ ತುಂಡಿನೊಳಗೆ ಸಾಮಾನ್ಯವಾಗಿ 1460 ಬೈಟ್‌ವರೆಗೆ ಹಿಡಿಯುವುದರಿಂದ, ಚಿಕ್ಕ ಕೋರಿಕೆಯ ಹೆಡರ್‌ಗಳೆಲ್ಲ ಮೊದಲ ರೀಡ್‌ನಲ್ಲೇ ಬಂದುಬಿಡುತ್ತವೆ, ಬರೆದ ಪ್ರೋಗ್ರಾಂ ಸರಿಯಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಸ್ಟಾರ್ಟರ್‌ನ ಸಂಗತಿ ಹಾಗಲ್ಲ. ಅದರ ಫರ್ಮ್‌ವೇರ್ ಮೋಡೆಮ್‌ಗೆ ಒಂದೊಂದೇ ಸಾಲನ್ನು ಬರೆದು ಕಳುಹಿಸು ಎನ್ನುತ್ತದೆ. ಪ್ರತಿ ಸಾಲೂ ಬೇರೆ ತುಂಡಾಗಿ ಹೊರಡುತ್ತದೆ. 2ಜಿ ಜಾಲದಲ್ಲಿ ಒಂದಕ್ಕೂ ಇನ್ನೊಂದಕ್ಕೂ ನಡುವೆ ಸೆಕೆಂಡ್‌ಗಟ್ಟಲೆ ಅಂತರ ಬೀಳುವುದೂ ಉಂಟು. ಆದ್ದರಿಂದ ಒಂದೇ ಬಾರಿ ರೀಡ್ ಕರೆದು, ಬಂದದ್ದನ್ನು ಸ್ಟ್ರಿಂಗ್ ಮಾಡಿ, ಸಾಲುಗಳಾಗಿ ಒಡೆಯುವ ಮಾದರಿ ಇಲ್ಲಿ ನಿಲ್ಲುವುದೇ ಇಲ್ಲ. ರೀಡ್ ಅನ್ನು ಲೂಪ್‌ನಲ್ಲಿ ಕರೆದು, ಬಂದ ಬೈಟ್‌ಗಳನ್ನು ಕೂಡಿಟ್ಟುಕೊಳ್ಳುತ್ತಾ, ಹೆಡರ್‌ಗಳ ಮುಕ್ತಾಯವನ್ನು ಸೂಚಿಸುವ ಖಾಲಿ ಸಾಲಿಗಾಗಿ ಹುಡುಕುವುದು ಮುಂದಿನ ಉಪಾಯ. ಅದರಲ್ಲೂ ಎರಡು ಬಿರುಕುಗಳಿವೆ. ಖಾಲಿ ಸಾಲನ್ನು ಗುರುತಿಸುವ ನಾಲ್ಕು ಬೈಟ್‌ಗಳು ಎರಡು ರೀಡ್‌ಗಳ ನಡುವೆ ಹರಿದುಹೋಗಬಹುದಾದ್ದರಿಂದ ಹೊಸದಾಗಿ ಬಂದ ತುಂಡಿನಲ್ಲಷ್ಟೇ ಹುಡುಕಿದರೆ ಅದು ಸಿಗುವುದಿಲ್ಲ. ಸಾಲಿನ ಕೊನೆಯನ್ನು ಸೂಚಿಸುವ ಸಿಆರ್, ಎಲ್‌ಎಫ್ ಎಂಬ ಎರಡು ಬೈಟ್‌ಗಳಲ್ಲಿ ಸಿಆರ್ ಬಿಟ್ಟು ಬರಿ ಎಲ್‌ಎಫ್ ಕಳುಹಿಸುವ ಸಾಧನವಾದರೆ ಆ ನಾಲ್ಕು ಬೈಟ್‌ಗಳ ಜೋಡಣೆ ಬರುವುದೇ ಇಲ್ಲ. ಬರಿ ಎಲ್‌ಎಫ್ ಬಂದರೂ ಅದನ್ನು ಸಾಲಿನ ಅಂತ್ಯವೆಂದು ಒಪ್ಪಿಕೊಳ್ಳಬಹುದು ಎಂದು ಆರ್‌ಎಫ್‌ಸಿಯೇ ಅವಕಾಶ ಕೊಟ್ಟಿದೆ. ಇದಿಷ್ಟನ್ನೂ ಕೈಯಾರೆ ಸಂಭಾಳಿಸಬಹುದು. ಆದರೆ ಬಫ್‌ಐಒ ಕೈಯಳತೆಯಲ್ಲೇ ಇರುವಾಗ ಹಾಗೆ ಮಾಡುವುದು ವ್ಯರ್ಥ ಶ್ರಮ.

ಸಂಪರ್ಕವನ್ನು ಐಒ.ರೀಡ್‌ಆಲ್‌ಗೆ ಒಪ್ಪಿಸುವ ಯೋಚನೆಯನ್ನು ಇಲ್ಲೇ ಬಿಟ್ಟುಬಿಡಬೇಕು. ಅದು ಸಂಪರ್ಕ ಮುಚ್ಚುವವರೆಗೆ ಕಾಯುತ್ತದೆ. ಆ ಕಡೆಯ ಸಾಧನ ಉತ್ತರ ಬರಲಿ ಎಂದು ಸಂಪರ್ಕ ತೆರೆದಿಟ್ಟುಕೊಂಡು ಕಾಯುತ್ತದೆ. ಇಬ್ಬರೂ ಕಾಯುತ್ತಲೇ ಉಳಿಯುತ್ತಾರೆ.

ಬಫ್‌ಐಒ ಪ್ಯಾಕೇಜ್‌ನ ರೀಡರ್ ಈ ಇಡೀ ಸಾಮಗ್ರಿಯ ಬೆನ್ನೆಲುಬು. ಸಂಪರ್ಕದ ಮೇಲೆ ಅದನ್ನು ಹೊದಿಸಿದರೆ ಮಾಮೂಲಿಯಾಗಿ 4096 ಬೈಟ್‌ಗಳ ಬಫರ್ (ತಾತ್ಕಾಲಿಕ ಸಂಗ್ರಹ) ಇಟ್ಟುಕೊಂಡು, ಕೆಳಗಿನಿಂದ ದೊಡ್ಡ ತುಂಡುಗಳಲ್ಲಿ ಎಳೆದು, ನಮಗೆ ಬೇಕಾದ ಅಳತೆಯಲ್ಲಿ ಕೊಡುತ್ತದೆ. ಆದರೆ ಸಾಲು ಓದಲು ಅದರಲ್ಲಿ ಒಂದಲ್ಲ, ನಾಲ್ಕು ಮೆಥಡ್‌ಗಳಿವೆ. ಹೊಸಬರು ಗಲಿಬಿಲಿಗೊಳ್ಳುವುದು ಇಲ್ಲೇ. ರೀಡ್‌ಸ್ಟ್ರಿಂಗ್ ಮತ್ತು ರೀಡ್‌ಬೈಟ್ಸ್ ಸಾಲಿನ ಕೊನೆಯ ಎಲ್‌ಎಫ್ ಸಿಗುವವರೆಗೆ ಎಷ್ಟು ಬೈಟ್ ಬಂದರೂ ಕೂಡಿಡುತ್ತಾ ಹೋಗುತ್ತವೆ. ಯಾರಾದರೂ ಎಲ್‌ಎಫ್ ಇಲ್ಲದೆ ಬೈಟ್ ಸುರಿಯುತ್ತಲೇ ಇದ್ದರೆ ಸರ್ವರ್‌ನ ಮೆಮೊರಿ ಮುಗಿಯುವವರೆಗೂ ಅವುಗಳಿಗೆ ತೃಪ್ತಿಯಿಲ್ಲ. ರೀಡ್‌ಸ್ಲೈಸ್ ಬಫರ್ ತುಂಬಿದೊಡನೆ ದೋಷ ಮರಳಿಸಿ ನಿಲ್ಲುತ್ತದೆ, ಅದು ಒಳ್ಳೆಯ ಗುಣ. ಆದರೆ ಅದು ಕೊಟ್ಟ ಸ್ಲೈಸ್ ಮುಂದಿನ ಓದಿನವರೆಗೆ ಮಾತ್ರ ಊರ್ಜಿತವಾದ್ದರಿಂದ, ನಕಲು ಮಾಡಿಕೊಳ್ಳದೆ ಮ್ಯಾಪ್‌ನಲ್ಲಿ (ಹೆಸರಿಗೆ ಮೌಲ್ಯ ಜೋಡಿಸಿಡುವ ಪಟ್ಟಿ) ಇಟ್ಟರೆ ಒಂದು ಹೆಡರ್‌ನ ಜಾಗದಲ್ಲಿ ಇನ್ನೊಂದರ ಅಕ್ಷರಗಳು ಕಾಣಿಸಿಕೊಳ್ಳುತ್ತವೆ. ರೀಡ್‌ಲೈನ್ ಎಂಬ ಹೆಸರೇನೋ ನಮ್ಮ ಕೆಲಸಕ್ಕೆಂದೇ ಇಟ್ಟಂತಿದೆ. ಸಾಲು ಬಫರ್‌ಗಿಂತ ಉದ್ದವಾದರೆ ಇದು ಸಾಲಿನ ಮೊದಲ ಭಾಗ ಮಾತ್ರ ಎಂಬ ಸೂಚನೆಯನ್ನು ಬೇರೆಯಾಗಿ ಮರಳಿಸುತ್ತದೆ, ಮತ್ತು ದಸ್ತಾವೇಜೇ ಹೆಚ್ಚಿನವರು ಇದರ ಬದಲು ಬೇರೆಯದನ್ನು ಬಳಸುವುದು ಲೇಸು ಎನ್ನುತ್ತದೆ.

ಬಫ್‌ಐಒದಲ್ಲೇ ಇರುವ ಸ್ಕ್ಯಾನರ್ ನೋಡಲು ಅಂದವಾಗಿದೆ. ಸಾಲಿನ ಕೊನೆಯ ಸಿಆರ್ ಅನ್ನು ತಾನೇ ತೆಗೆಯುತ್ತದೆ, ಸಾಲು 64 ಕೆಬಿಯ ಮಿತಿ ಮೀರಿದರೆ ದೋಷ ಕೊಟ್ಟು ನಿಲ್ಲುತ್ತದೆ, ಫಾರ್ ಲೂಪ್‌ನಲ್ಲಿ ಕೂರಿಸಿದರೆ ಓದುವವರಿಗೂ ಹಿತ. ಹೆಡರ್‌ಗಳಷ್ಟೇ ಬೇಕು, ಬಾಡಿ ಬೇಡ ಎನ್ನುವ ಪ್ರಯೋಗಗಳಿಗೆ ಅದು ಸಾಕು. ಬಾಡಿಯೂ ಬೇಕೆಂದರೆ ಮಾತ್ರ ಅದನ್ನು ಮುಟ್ಟಬಾರದು: ಸ್ಕ್ಯಾನರ್ ಮುಂದಿನ ಬೈಟ್‌ಗಳನ್ನೂ ತನ್ನ ಬಫರ್‌ಗೆ ಮೊದಲೇ ಎಳೆದುಕೊಂಡಿರುತ್ತದೆ, ಅದನ್ನು ವಾಪಸು ಪಡೆಯುವ ದಾರಿಯನ್ನು ಕೊಟ್ಟಿಲ್ಲ. ನಮ್ಮಲ್ಲಿ ವೋಲ್ಟೇಜ್ ಬರುವುದು ಬಾಡಿಯಲ್ಲೇ.

ಈ ಅಂಶಗಳನ್ನೆಲ್ಲ ಕಂಡವರೇ ಬರೆದದ್ದು ಎನಿಸುವುದು ಟೆಕ್ಸ್ಟ್‌ಪ್ರೋಟೊ. ಬಫ್‌ಐಒ ರೀಡರ್ ಒಂದನ್ನು ಕೊಟ್ಟರೆ, ಅದರ ರೀಡ್‌ಲೈನ್ ಎಲ್‌ಎಫ್ ಬಂದರೂ ಸಿಆರ್‌ಎಲ್‌ಎಫ್ ಬಂದರೂ ಸಾಲನ್ನು ಬಿಡಿಸಿ ಇಡಿಯಾಗಿ ಕೊಡುತ್ತದೆ. ರೀಡ್‌ಮೈಮ್‌ಹೆಡರ್ ಎಂಬುದು ಖಾಲಿ ಸಾಲು ಸಿಗುವವರೆಗಿನ ಎಲ್ಲ ಹೆಡರ್‌ಗಳನ್ನು ಓದಿ ಮ್ಯಾಪ್ ಆಗಿ ಕೈಗಿಡುತ್ತದೆ. ಖಾಲಿ ಸಾಲು ದಾಟಿದ ಮೇಲಿನ ಬೈಟ್‌ಗಳು ಅದೇ ಬಫ್‌ಐಒ ರೀಡರ್‌ನಲ್ಲಿ ಸುರಕ್ಷಿತವಾಗಿ ಉಳಿದಿರುವುದರಿಂದ, ಬಾಡಿಯ ಅಳತೆ ತಿಳಿಸುವ ಕಂಟೆಂಟ್-ಲೆಂತ್ ಹೆಡರ್ ಹೇಳಿದಷ್ಟು ಬೈಟ್‌ಗಳನ್ನು ಐಒ.ರೀಡ್‌ಫುಲ್ ಮೂಲಕ ಅಲ್ಲಿಂದಲೇ ಓದಿದರೆ ಬಾಡಿ ಸಿಕ್ಕಿತು. ಮೂಲ ಸಂಪರ್ಕಕ್ಕೆ ಮರಳಿ ಹೋಗಿ ರೀಡ್ ಕರೆಯಬಾರದು ಎಂಬುದೊಂದೇ ಇಲ್ಲಿನ ಕಟ್ಟುಪಾಡು. ಒಂದೇ ಹೆಸರಿನ ಹೆಡರ್ ಎರಡು ಸಲ ಬಂದರೆ ಎರಡೂ ಮೌಲ್ಯಗಳು ಪಟ್ಟಿಯಲ್ಲಿರುತ್ತವೆ, ಆದರೆ ಗೆಟ್ ಎಂದು ಕೇಳಿದರೆ ಮೊದಲನೆಯದು ಮಾತ್ರ ಸಿಗುತ್ತದೆ.

ಹೆಡರ್ ಹೆಸರುಗಳನ್ನು ಅದು ತನ್ನದೇ ಶಿಸ್ತಿಗೆ ತರುತ್ತದೆ ಎಂಬುದನ್ನು ತಿಳಿದಿರಬೇಕು. ಅಡ್ಡಗೆರೆಗಳ ನಡುವಿನ ಪ್ರತಿ ಪದದ ಮೊದಲ ಅಕ್ಷರ ದೊಡ್ಡದು, ಮಿಕ್ಕವು ಚಿಕ್ಕವು. ಸ್ಟಾರ್ಟರ್ ತನ್ನ ಐಎಂಇಐ ಸಂಖ್ಯೆಯನ್ನು ಎಕ್ಸ್-ಐಎಂಇಐ ಎಂಬ ಹೆಡರ್‌ನಲ್ಲಿ ಪೂರ್ತಿ ದೊಡ್ಡಕ್ಷರಗಳಲ್ಲಿ ಕಳುಹಿಸಿದರೂ, ಮ್ಯಾಪ್‌ನಲ್ಲಿ ಅದು ಕೂರುವುದು ಐ ಒಂದು ದೊಡ್ಡಕ್ಷರ, ಉಳಿದ ಮೂರು ಚಿಕ್ಕಕ್ಷರ ಎಂಬ ರೂಪದಲ್ಲಿ. ಗೆಟ್ ಬಳಸಿದರೆ ಅದೇ ಶಿಸ್ತಿಗೆ ತಂದು ಹುಡುಕುವುದರಿಂದ ತೊಂದರೆಯಿಲ್ಲ. ಮ್ಯಾಪ್‌ಗೆ ನೇರವಾಗಿ ದೊಡ್ಡಕ್ಷರಗಳ ಹೆಸರು ಕೊಟ್ಟರೆ ಖಾಲಿ ಸಿಗುತ್ತದೆ, ಯಾವ ದೋಷವೂ ವರದಿಯಾಗುವುದಿಲ್ಲ. ಹೆಡರ್ ಹೆಸರುಗಳಲ್ಲಿ ದೊಡ್ಡ-ಚಿಕ್ಕ ಅಕ್ಷರಗಳ ಭೇದವಿಲ್ಲ ಎಂಬುದು ಎಚ್‌ಟಿಟಿಪಿಯ ನಿಯಮವೇ ಆದ್ದರಿಂದ ಈ ನಡೆಯನ್ನು ನಾನು ದೋಷವೆನ್ನುವುದಿಲ್ಲ. ಹೆಡರ್‌ಗಳು ಬಂದ ಕ್ರಮ ಮ್ಯಾಪ್‌ನಲ್ಲಿ ಉಳಿಯದಿರುವುದು ಮಾತ್ರ ತನಿಖೆಯ ಹೊತ್ತಿನಲ್ಲಿ ಕಾಡುವ ಕೊರತೆ.

ಈ ಸಾಮಗ್ರಿಯ ಬಗ್ಗೆ ನನಗಿರುವ ಮುಖ್ಯ ತಕರಾರು ಬೇರೆಯದೇ. ಸಾಕೆಟ್‌ನಿಂದ ನೇರವಾಗಿ ಓದುವಾಗ ಇಲ್ಲಿನ ಯಾವ ಸಲಕರಣೆಯೂ ಒಟ್ಟು ಎಷ್ಟು ಓದಬೇಕು, ಎಷ್ಟು ಹೊತ್ತು ಕಾಯಬೇಕು ಎಂಬ ಎರಡು ಮಿತಿಗಳನ್ನು ತಾನಾಗಿ ಹಾಕಿಕೊಳ್ಳುವುದಿಲ್ಲ. ಟೆಕ್ಸ್ಟ್‌ಪ್ರೋಟೊದ ದಸ್ತಾವೇಜಿನಲ್ಲಿ, ಕೊಡುವ ರೀಡರ್ ಐಒ.ಲಿಮಿಟ್‌ರೀಡರ್ ಅಥವಾ ಅಂಥದ್ದೇ ಮಿತಿಯೊಳಗಿಂದ ಓದುವಂತಿರಲಿ ಎಂಬ ಒಂದು ವಾಕ್ಯವಿದೆ. ಆ ಒಂದು ವಾಕ್ಯದ ಮೇಲೆ ಸರ್ವರ್‌ನ ಪ್ರಾಣ ನಿಂತಿದೆ, ಆದರೆ ಕಣ್ಣಿಗೆ ಬೀಳುವಂತೆ ಬರೆದಿಲ್ಲ. 2023ರ ಏಪ್ರಿಲ್‌ನಲ್ಲಿ ಬಂದ 1.20.3 ಮತ್ತು 1.19.8 ಆವೃತ್ತಿಗಳಲ್ಲಿ ಸರಿಪಡಿಸಿದ, ಭದ್ರತಾ ಲೋಪಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2023-24534 ಎಂದಿರುವ ಲೋಪ ಈ ಪ್ಯಾಕೇಜ್‌ನದ್ದೇ: ಕೆಲವು ಬಗೆಯ ಹೆಡರ್‌ಗಳನ್ನು ಒಡೆಯುವಾಗ, ಅವುಗಳನ್ನು ಹಿಡಿದಿಡಲು ಬೇಕಾದುದಕ್ಕಿಂತ ಬಹಳ ಹೆಚ್ಚು ಮೆಮೊರಿಯನ್ನು ಅದು ಬಳಸುತ್ತಿತ್ತು. ಹಾಗಾಗಿ ಹಳೆಯ ಗೋ ಆವೃತ್ತಿಯೊಂದನ್ನು ಸರ್ವರ್‌ನಲ್ಲಿ ಮರೆತು ಬಿಡುವುದು ಈ ಕೆಲಸದಲ್ಲಿ ತರವಲ್ಲ.

ಅಳತೆಯ ಮಿತಿಗೆ ನಾವು ಬಳಸುವುದು ಐಒ.ಲಿಮಿಟೆಡ್‌ರೀಡರ್. ಸಂಪರ್ಕಕ್ಕೂ ಬಫ್‌ಐಒಗೂ ನಡುವೆ ಅದನ್ನು ಇಟ್ಟು, ಹೆಡರ್‌ಗಳಿಗೆಂದು 16 ಕೆಬಿ ಕೊಡುತ್ತೇವೆ. ಕೋರಿಕೆಯ ಮೊದಲ ಸಾಲಿಗೇ ಕನಿಷ್ಠ 8000 ಬೈಟ್‌ಗಳ ಅವಕಾಶವಿರಲಿ ಎಂದು ಆರ್‌ಎಫ್‌ಸಿ 9112 ಸಲಹೆ ಮಾಡುವುದರಿಂದ ಅದಕ್ಕಿಂತ ಕೆಳಗಿಳಿಯಲು ನನಗೆ ಮನಸ್ಸಾಗಲಿಲ್ಲ, ಸ್ಟಾರ್ಟರ್‌ಗಳಿಗೆ ಒಂದು ಕೆಬಿಯೂ ಬೇಕಿಲ್ಲದಿದ್ದರೂ. ಇದರಲ್ಲಿ ಒಂದು ಸೂಕ್ಷ್ಮವಿದೆ. ಮಿತಿ ಮುಗಿದಾಗ ಲಿಮಿಟೆಡ್‌ರೀಡರ್ ಇಒಎಫ್ (ಓದಲು ಇನ್ನೇನೂ ಇಲ್ಲ) ಎನ್ನುತ್ತದೆ. ಆ ಕಡೆಯವರು ಅರ್ಧದಲ್ಲೇ ಸಂಪರ್ಕ ಕಡಿದುಕೊಂಡರೂ ಇಒಎಫ್ ಎಂದೇ ಬರುತ್ತದೆ. ಮೊದಲನೆಯ ಸಂದರ್ಭದಲ್ಲಿ ಹೆಡರ್‌ಗಳು ಅತಿಯಾದವು ಎಂದು 431 ಉತ್ತರ ಕೊಡಬೇಕು, ಎರಡನೆಯದರಲ್ಲಿ ಸುಮ್ಮನೆ ಮುಚ್ಚಿದರಾಯಿತು. ಎರಡನ್ನೂ ಬೇರ್ಪಡಿಸಲು ಅದರ ಉಳಿಕೆ ಸೊನ್ನೆಗೆ ಇಳಿದಿದೆಯೇ ಎಂದು ನೋಡುವುದೊಂದೇ ದಾರಿ. ಹೆಡರ್‌ಗಳು ಮುಗಿದ ಮೇಲೆ ಬಾಡಿಗಾಗಿ ಆ ಉಳಿಕೆಯನ್ನು ಮತ್ತೆ ಏರಿಸಬೇಕು. ಬಾಡಿಯ ಒಂದಷ್ಟು ಭಾಗ ಆಗಲೇ ಬಫರ್‌ನಲ್ಲಿ ಕುಳಿತಿರುತ್ತದೆ ಎಂಬುದನ್ನು ಆ ಲೆಕ್ಕದಲ್ಲಿ ಗಮನಿಸಬೇಕು.

ಕಾಲದ ಮಿತಿಗೆ ಸಂಪರ್ಕದ ಮೇಲಿನ ಸೆಟ್‌ರೀಡ್‌ಡೆಡ್‌ಲೈನ್ ಇದೆ, ಮತ್ತು ಅದರ ವಿನ್ಯಾಸ ನನಗೆ ಬಹಳ ಹಿಡಿಸಿತು. ಪ್ರತಿ ರೀಡ್‌ಗೂ ಇಷ್ಟು ಸೆಕೆಂಡ್ ಎಂಬ ಅವಧಿಯನ್ನು ಅದು ಕೇಳುವುದಿಲ್ಲ. ಗಡಿಯಾರದ ಇಂಥ ಹೊತ್ತಿನೊಳಗೆ ಎಂಬ ಗಡುವನ್ನು ಕೇಳುತ್ತದೆ. ಸಂಪರ್ಕ ಬಂದೊಡನೆ ಒಮ್ಮೆ ಗಡುವು ಇಟ್ಟರೆ, ಎಷ್ಟು ಕಂತಿನಲ್ಲಿ ಬಂದರೂ ಹೆಡರ್‌ಗಳೆಲ್ಲ ಅದರೊಳಗೆ ಮುಗಿಯಲೇಬೇಕು. ರೀಡ್‌ಗೊಮ್ಮೆ ಗಡುವನ್ನು ಮುಂದೂಡುತ್ತಾ ಹೋದರೆ ಈ ರಕ್ಷಣೆ ಪೂರ್ತಿ ಕಳಚಿಬೀಳುತ್ತದೆ: ಕೆಲವು ಸೆಕೆಂಡಿಗೊಂದರಂತೆ ಬೈಟ್ ತೊಟ್ಟಿಕ್ಕಿಸುತ್ತಾ ಸಂಪರ್ಕಗಳನ್ನು ಹಿಡಿದಿಟ್ಟುಕೊಳ್ಳುವ, 2009ರಲ್ಲಿ ಸ್ಲೋಲೋರಿಸ್ ಎಂಬ ಹೆಸರಿನಲ್ಲಿ ಬೆಳಕಿಗೆ ಬಂದ ದಾಳಿಗೆ ಬೇಕಾದದ್ದು ಅಷ್ಟೇ. ಸಿದ್ಧ ಸರ್ವರ್ ಬಳಸುವವರೂ ಇದನ್ನು ಗಮನಿಸಬೇಕು. ಅದರಲ್ಲಿ ಹೆಡರ್‌ಗಳಿಗೆ 1 ಎಂಬಿಯ ಮಿತಿ ತಾನಾಗಿ ಇರುತ್ತದೆ, ಆದರೆ 1.8ನೇ ಆವೃತ್ತಿಯಲ್ಲಿ ಸೇರಿದ ರೀಡ್‌ಹೆಡರ್‌ಟೈಮ್‌ಔಟ್ ಅನ್ನು ನಾವೇ ತುಂಬಿಸದಿದ್ದರೆ, ರೀಡ್‌ಟೈಮ್‌ಔಟ್ ಕೂಡ ಖಾಲಿಯಿದ್ದರೆ, ಕಾಯುವುದಕ್ಕೆ ಕೊನೆಯಿಲ್ಲ. ನಮ್ಮ 2ಜಿ ಸಾಧನಗಳಿಗೆ 30 ಸೆಕೆಂಡ್ ಕೊಡುತ್ತೇವೆ. ಅಂತರಜಾಲಕ್ಕೆ ತೆರೆದ ಸರ್ವರ್‌ಗೆ ಇದು ಧಾರಾಳವಾಯಿತು ಎನ್ನುವವರಿದ್ದಾರೆ. ಮಳೆಗಾಲದ ಸಂಜೆ ತೋಟದ ನಡುವೆ ಸಿಗ್ನಲ್ ಹೇಗಿರುತ್ತದೆ ಎಂದು ಬಲ್ಲವರು ಹಾಗೆನ್ನಲಾರರು.

ಇಷ್ಟು ಜೋಡಿಸಿಕೊಂಡ ಮೇಲೆ, ಕೊನೆಗೆ ನಾವು ನೆಲೆ ನಿಂತದ್ದು ಟೆಕ್ಸ್ಟ್‌ಪ್ರೋಟೊದ ಮೇಲೂ ಅಲ್ಲ, ನೆಟ್/ಎಚ್‌ಟಿಟಿಪಿ ಪ್ಯಾಕೇಜ್‌ನ ರೀಡ್‌ರಿಕ್ವೆಸ್ಟ್ ಎಂಬ ಫಂಕ್ಷನ್‌ನ ಮೇಲೆ. ಇದು ಬಫ್‌ಐಒ ರೀಡರ್ ಒಂದನ್ನು ತೆಗೆದುಕೊಂಡು ಪೂರ್ತಿ ಕೋರಿಕೆಯನ್ನು ಬಿಡಿಸಿ ಕೊಡುತ್ತದೆ. ವಿಶೇಷ ಅಗತ್ಯವಿದ್ದವರು ಮಾತ್ರ ಬಳಸಿ, ಉಳಿದವರು ಸರ್ವರ್ ಬಳಸಿ ಎಂದು ದಸ್ತಾವೇಜು ಎಚ್ಚರಿಸುತ್ತದೆ. ನಮ್ಮದು ವಿಶೇಷ ಅಗತ್ಯವೇ. ಹೋಸ್ಟ್ ಹೆಡರ್ ಇಲ್ಲವೆಂದು ತಿರಸ್ಕರಿಸುವ ಕಾವಲು ಇರುವುದು ಸರ್ವರ್‌ನೊಳಗೆ, ಈ ಫಂಕ್ಷನ್‌ನಲ್ಲಲ್ಲ. ಹೀಗಾಗಿ ನಮ್ಮ ಸ್ಟಾರ್ಟರ್‌ಗಳ ಕೋರಿಕೆ ಇಲ್ಲಿ ನಿರಾತಂಕವಾಗಿ ದಾಟುತ್ತದೆ; ಅದೇ ವೇಳೆಗೆ ಭಿನ್ನ ಸಂಖ್ಯೆಗಳ ಎರಡು ಕಂಟೆಂಟ್-ಲೆಂತ್ ಬಂದರೆ ತಿರಸ್ಕರಿಸುವುದು, ಚಂಕ್ ಆಗಿ (ಅಳತೆ ನಮೂದಿಸಿದ ತುಂಡುಗಳಾಗಿ) ಬಂದ ಬಾಡಿಯನ್ನು ಬಿಡಿಸುವುದು ಮುಂತಾದ, ಕೈಯಿಂದ ಬರೆದರೆ ಎಡವುವ ಕೆಲಸಗಳನ್ನು ಅದೇ ನೋಡಿಕೊಳ್ಳುತ್ತದೆ. ಬಾಡಿಯ ಗಡಿಯ ಬಗ್ಗೆ ಮುಂದಿರುವ ಪ್ರಾಕ್ಸಿಗೂ (ಮಧ್ಯವರ್ತಿ ಸರ್ವರ್) ಅದರ ಹಿಂದಿರುವ ಸರ್ವರ್‌ಗೂ ಭಿನ್ನಾಭಿಪ್ರಾಯ ಬಂದರೆ ಒಬ್ಬರ ಕೋರಿಕೆಯೊಳಗೆ ಇನ್ನೊಬ್ಬರದ್ದನ್ನು ನುಸುಳಿಸಬಹುದು ಎಂಬುದು ಹಳೆಯ ಪಾಠ. ಹೆಡರ್ ಹೆಸರಿಗೂ ಅದರ ಮುಂದಿನ ಕೋಲನ್‌ಗೂ ನಡುವೆ ಜಾಗ ಬಿಟ್ಟು ಬಂದ ಸಾಲುಗಳನ್ನು ಗೋ ಸಹ ಒಂದು ಕಾಲಕ್ಕೆ ಸರಿಮಾಡಿಕೊಂಡು ಒಪ್ಪುತ್ತಿತ್ತು. 2019ರಲ್ಲಿ ಅದನ್ನು ಭದ್ರತಾ ಲೋಪವೆಂದೇ ಪರಿಗಣಿಸಿ ತಿದ್ದಲಾಯಿತು. ಇಂಥ ತಿದ್ದುಪಡಿಗಳು ಗೋ ಆವೃತ್ತಿ ಏರಿಸಿದಾಗ ನಮಗೆ ತಾವಾಗಿ ಸಿಗುತ್ತವೆ. ಸ್ವಂತ ಕೈಬರಹದ ಓದುಗಕ್ಕೆ ಆ ಭಾಗ್ಯವಿಲ್ಲ.

ರೀಡ್‌ರಿಕ್ವೆಸ್ಟ್‌ನ ಒಂದು ನಡೆ ಮೊದಲ ಬಾರಿ ನೋಡಿದವರನ್ನು ಬೆರಗುಗೊಳಿಸುತ್ತದೆ. ಹೋಸ್ಟ್ ಹೆಡರ್ ಬಂದಿದ್ದರೂ ಅದು ಹೆಡರ್ ಮ್ಯಾಪ್‌ನಲ್ಲಿ ಕಾಣುವುದಿಲ್ಲ. ಅಲ್ಲಿಂದ ತೆಗೆದು ಕೋರಿಕೆಯ ಹೋಸ್ಟ್ ಎಂಬ ಪ್ರತ್ಯೇಕ ಫೀಲ್ಡ್‌ಗೆ ಏರಿಸಿರುತ್ತದೆ. ಇನ್ನೊಂದು ವ್ಯತ್ಯಾಸ ಸಣ್ಣದಾದರೂ ನಮಗೆ ಮುಖ್ಯವಾಯಿತು. ಕೆಲವು ಹಳೆಯ ಸಾಧನಗಳು ಪೋಸ್ಟ್‌ನ ಬಾಡಿಯ ಹಿಂದೆ ಲೆಕ್ಕಕ್ಕೆ ಸೇರದ ಸಿಆರ್‌ಎಲ್‌ಎಫ್ ಒಂದನ್ನು ಸೇರಿಸಿ ಕಳುಹಿಸುತ್ತವೆ, ಅದೇ ಸಂಪರ್ಕದಲ್ಲಿ ಮುಂದಿನ ಕೋರಿಕೆ ಬಂದಾಗ ಅದು ಮೊದಲ ಸಾಲಾಗಿ ಎದುರಾಗುತ್ತದೆ. ಸಿದ್ಧ ಸರ್ವರ್ ಪೋಸ್ಟ್‌ನ ನಂತರ ನಾಲ್ಕು ಬೈಟ್‌ಗಳನ್ನು ಇಣುಕಿ ನೋಡಿ ಇಂಥವನ್ನು ಉದುರಿಸುತ್ತದೆ. ರೀಡ್‌ರಿಕ್ವೆಸ್ಟ್ ಅನ್ನು ನೇರವಾಗಿ ಕರೆಯುವವರು ಬಫ್‌ಐಒದ ಪೀಕ್ ಮತ್ತು ಡಿಸ್ಕಾರ್ಡ್ ಬಳಸಿ ಆ ಕೆಲಸವನ್ನು ತಾವೇ ಮಾಡಬೇಕು.

ವೇಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಮ್ಮ ಕಡೆ ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ವಿದ್ಯುತ್ ಪಾಳಿಯಲ್ಲಿ ಬರುತ್ತದೆ. ಒಂದು ಫೀಡರ್‌ಗೆ ವಿದ್ಯುತ್ ಬಂದ ಗಳಿಗೆಯಲ್ಲಿ ಅದರ ಮೇಲಿನ ಸ್ಟಾರ್ಟರ್‌ಗಳೆಲ್ಲ ಎದ್ದು ಒಟ್ಟಿಗೇ ಸರ್ವರ್‌ನ ಬಾಗಿಲು ಬಡಿಯುತ್ತವೆ, ಬಡಿದ ಮೇಲೆ ನಿಧಾನವಾಗಿ ಮಾತನಾಡುತ್ತವೆ. ಸಂಪರ್ಕಕ್ಕೊಂದು ಗೊರೂಟೀನ್ (ಥ್ರೆಡ್‌ಗಿಂತ ಹಗುರವಾದ ಸಮಾಂತರ ಕೆಲಸ) ಎಂಬ ಗೋದ ಪದ್ಧತಿ ಈ ಸನ್ನಿವೇಶಕ್ಕೆ ಹೇಳಿ ಮಾಡಿಸಿದಂತಿದೆ. ಗೊರೂಟೀನ್‌ನ ಸ್ಟ್ಯಾಕ್ ಆರಂಭವಾಗುವುದು 2 ಕೆಬಿಯಿಂದ, ಬಫ್‌ಐಒ ರೀಡರ್‌ಗೆ 4 ಕೆಬಿ. ಸಾವಿರ ಸಂಪರ್ಕಗಳು ಒಟ್ಟಿಗೆ ಕಾಯುತ್ತಿದ್ದರೂ ಇವೆರಡರ ಆರಂಭದ ವೆಚ್ಚ ಸುಮಾರು 6 ಎಂಬಿ. ಬರೆದ ಪ್ರೋಗ್ರಾಂನಲ್ಲಿ ರೀಡ್ ಎಂಬುದು ಬೈಟ್ ಬರುವವರೆಗೆ ತಡೆದು ನಿಲ್ಲುವ ಕರೆಯಂತೆ ಕಂಡರೂ, ಒಳಗೆ ಗೋದ ರನ್‌ಟೈಮ್, ಯಾವ ಸಂಪರ್ಕದಲ್ಲಿ ಬೈಟ್ ಬಂದಿದೆ ಎಂದು ತಿಳಿಸುವ ಲಿನಕ್ಸ್‌ನ ಇಪೋಲ್ ಬಳಸಿ ಆ ಗೊರೂಟೀನನ್ನು ಬದಿಗಿಟ್ಟು, ಥ್ರೆಡ್ಡನ್ನು ಬೇರೆ ಕೆಲಸಕ್ಕೆ ಹಚ್ಚುತ್ತದೆ. ಕಾಲ್‌ಬ್ಯಾಕ್‌ಗಳ ಸಿಕ್ಕಿಲ್ಲದೆ ಮೇಲಿನಿಂದ ಕೆಳಗೆ ನೇರವಾಗಿ ಓದಿಕೊಂಡು ಹೋಗಬಹುದಾದ ಪ್ರೋಗ್ರಾಂ ಸಿಗುವುದು ಈ ಏರ್ಪಾಡಿನಿಂದ.

ಪರೀಕ್ಷೆಯ ಸಲಕರಣೆಗಳಿಗೆ ಪೂರ್ತಿ ಅಂಕ ಕೊಡುತ್ತೇನೆ. ಟೆಸ್ಟಿಂಗ್/ಐಒಟೆಸ್ಟ್ ಎಂಬ, ಹೆಚ್ಚು ಜನ ಇಣುಕಿ ನೋಡದ ಪ್ಯಾಕೇಜ್‌ನಲ್ಲಿ ಒನ್‌ಬೈಟ್‌ರೀಡರ್ ಎಂಬುದಿದೆ. ಯಾವ ರೀಡರ್ ಕೊಟ್ಟರೂ ಪ್ರತಿ ಕರೆಗೆ ಒಂದೇ ಬೈಟ್ ಬಿಡುವಂತೆ ಅದನ್ನು ಮಾರ್ಪಡಿಸುತ್ತದೆ. ಗುಬ್ಬಿಯ ತೋಟದ 2ಜಿ ಜಾಲಕ್ಕಿಂತಲೂ ಕೆಟ್ಟ ಜಾಲವನ್ನು ತುಮಕೂರಿನ ಮೇಜಿನ ಮೇಲೆ ಒಂದು ಸಾಲಿನಲ್ಲಿ ತರಿಸಿಕೊಳ್ಳಬಹುದು. ನೆಟ್.ಪೈಪ್ ಬಳಸಿದರೆ ಪೋರ್ಟ್ ತೆರೆಯದೆಯೇ ಎರಡು ತುದಿಯ ಸಂಪರ್ಕ ಮೆಮೊರಿಯಲ್ಲೇ ಸಿಗುತ್ತದೆ, ಗಡುವುಗಳೂ ಅದರಲ್ಲಿ ಕೆಲಸ ಮಾಡುತ್ತವೆ. 2022ರಲ್ಲಿ ಬಂದ 1.18ನೇ ಆವೃತ್ತಿಯಿಂದ ಫಝಿಂಗ್ (ಯದ್ವಾತದ್ವಾ ಮಾಹಿತಿ ಕೊಟ್ಟು ಪರೀಕ್ಷಿಸುವುದು) ಕೂಡ ಸಾಮಗ್ರಿಯೊಳಗೇ ಸೇರಿದೆ. ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಿಂದ ತರಬೇತಿಗೆ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಕೊಡುವ ಕೆಲಸವೂ ಇದೇ: ಒಂದೇ ರೀಡ್‌ನಿಂದ ಹೆಡರ್ ಓದುವ ಫಂಕ್ಷನ್ ಬರೆಯಿರಿ, ಅದಕ್ಕೆ ಒನ್‌ಬೈಟ್‌ರೀಡರ್ ಹೊದಿಸಿ, ಏನಾಗುತ್ತದೆ ನೋಡಿ. ಟಿಸಿಪಿಯ ಬಗ್ಗೆ ಒಂದು ತಾಸು ಬೋರ್ಡಿನ ಮೇಲೆ ಬರೆದು ಹೇಳಿದರೂ ತಲೆಗೆ ಹೋಗದ್ದು ಆ ಒಂದು ವಿಫಲ ಟೆಸ್ಟ್‌ನಿಂದ ಹೋಗುತ್ತದೆ.

ಸ್ಕೋರ್ ಕೇಳುವವರಿಗೆ, ಐದಕ್ಕೆ ನಾಲ್ಕು. ಒಂದು ಅಂಕ ಕಳೆದದ್ದು ಮಿತಿಗಳಿಲ್ಲದ ಆರಂಭಿಕ ಸ್ಥಿತಿಗೆ. ಬಫ್‌ಐಒದ ನಾಲ್ಕು ಮೆಥಡ್‌ಗಳ ಗೊಂದಲಕ್ಕೆ ಅರ್ಧ ಕಳೆಯೋಣವೆಂದುಕೊಂಡು, ಐಒಟೆಸ್ಟ್‌ಗಾಗಿ ಅದನ್ನು ಮರಳಿಸಿದ್ದೇನೆ. ಬೆಲೆಯೇನೂ ಇಲ್ಲ, ಬಿಎಸ್‌ಡಿ ಮಾದರಿಯ ಪರವಾನಗಿ. ಬ್ರೌಸರ್‌ಗಳೂ ಮೊಬೈಲ್ ಆ್ಯಪ್‌ಗಳೂ ಮಾತ್ರ ಸಂಪರ್ಕಿಸುವ ಸರ್ವರ್ ನಿಮ್ಮದಾಗಿದ್ದರೆ ಸಿದ್ಧ ಸರ್ವರ್‌ಗೆ ಟೈಮ್‌ಔಟ್ ತುಂಬಿಸಿ ಬಳಸಿ, ಸಾಕೆಟ್‌ನ ಗೊಡವೆಯೇ ಬೇಡ. ಎಚ್‌ಟಿಟಿಪಿ 2 ಬೇಕಾದವರಿಗೂ ಇದು ಒದಗದು, ರೀಡ್‌ರಿಕ್ವೆಸ್ಟ್ 1.x ಕೋರಿಕೆಗಳನ್ನು ಮಾತ್ರ ಓದುತ್ತದೆ.

ಇಂಥ ಸಾಧನಗಳೊಡನೆ ಏಗುವವರು ಇನ್ನೊಂದನ್ನು ಸೇರಿಸಿಕೊಳ್ಳುವುದು ಒಳಿತು. ಸಂಪರ್ಕದ ಮೇಲೆ, ಲಿಮಿಟೆಡ್‌ರೀಡರ್‌ಗಿಂತ ಕೆಳಗೆ, ಐಒ.ಟೀರೀಡರ್ ಇಟ್ಟರೆ ಓದಿದ ಪ್ರತಿ ಬೈಟ್‌ನ ಪ್ರತಿಯೂ ಒಂದು ಬಫರ್‌ಗೆ ಬೀಳುತ್ತದೆ. ಮ್ಯಾಪ್‌ನಲ್ಲಿ ಕಳೆದುಹೋಗುವ ಕ್ರಮ, ಅಕ್ಷರಗಳ ರೂಪ, ಸಾಲಿನ ಕೊನೆಯ ಸಿಆರ್ ಇದೆಯೋ ಇಲ್ಲವೋ ಎಂಬುದೆಲ್ಲ ಅದರಲ್ಲಿ ಉಳಿಯುತ್ತದೆ. ಕೋರಿಕೆ ಓದಲಾಗದೆ ಬಿದ್ದಾಗ ಮಾತ್ರ ನಾವು ಅದನ್ನು ಹೆಕ್ಸ್ ರೂಪದಲ್ಲಿ ಲಾಗ್‌ಗೆ ಬರೆಯುತ್ತೇವೆ. ಸ್ಟಾರ್ಟರ್ ತಯಾರಕರ ಕಡೆಯ ಎಂಜಿನಿಯರ್, ‘ನಮ್ಮ ಕಡೆಯಿಂದ ಹೋಸ್ಟ್ ಹೋಗ್ತಾ ಇದೆ ಸರ್, ನಿಮ್ಮ ಸರ್ವರ್ ಸರಿಯಾಗಿ ಓದ್ತಿಲ್ಲ’ ಎಂದು ಫೋನಿನಲ್ಲಿ ಪಟ್ಟು ಹಿಡಿದಿದ್ದರು. ಹೆಕ್ಸ್ ಪ್ರತಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಮೇಲೆ ವಾದ ಮುಗಿಯಿತು, ಮುಂದಿನ ತಂಡದ ಸ್ಟಾರ್ಟರ್‌ಗಳಲ್ಲಿ ಹೋಸ್ಟ್ ಬಂತು. ಈಗ ಹೊಸ ಸ್ಟಾರ್ಟರ್‌ಗಳು ಸಿದ್ಧ ಸರ್ವರ್ ಇರುವ ಪೋರ್ಟ್‌ಗೂ, ಹಳೆಯವು ರೀಡ್‌ರಿಕ್ವೆಸ್ಟ್ ಇರುವ ಪೋರ್ಟ್‌ಗೂ ಬರುತ್ತವೆ. ಎರಡೂ ಒಂದೇ ಪ್ರೋಗ್ರಾಂನೊಳಗೆ, ಒಂದೇ ಹ್ಯಾಂಡ್ಲರ್ ಬಳಸಿಕೊಂಡು ನಡೆಯುತ್ತಿವೆ.